ಬಟನ್ ಮೇಡಂ

ಕುಕ್ಕರ್ ಕೊಳ್ಳುವುದಕ್ಕೂ ಟೇಬಲ್ ಹಾಕುವ ಹೆಂಗಸು ನಾನು. ಎಡಗಡೆ ಕುಕ್ಕರ್‌ಗಳ ಹೆಸರು, ಮೇಲುಗಡೆ ಅವುಗಳ ಗುಣ, ಪ್ರತಿ ಚೌಕದಲ್ಲೂ ಹತ್ತಕ್ಕೆ ಇಷ್ಟು ಎಂದು ಅಂಕ. ಶಿವಮೊಗ್ಗದ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಎಲ್ಲರಿಗೂ ಎಲ್ಲದಕ್ಕೂ ಅಂಕ ಕೊಡುವ ಚಟ ಅಲ್ಲಿಂದ ಅಂಟಿದ್ದು. ನನ್ನ ಗಂಡ ಯೋಗೇಶ್ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವರು. "ನಾನು ನಿನ್ನ ನೋಡೋಕೆ ಬಂದಾಗ ಹಿಂಗೇ ಟೇಬಲ್ ಹಾಕಿದ್ಯಾ ಮಾರಾಯ್ತಿ?" ಎಂದು ಒಮ್ಮೆ ಕೇಳಿದರು. "ಆಗಿನ್ನೂ ನನ್ನ ಹತ್ರ ಕಂಪ್ಯೂಟರ್ ಇರ್ಲಿಲ್ಲ, ಅದಕ್ಕೇ ನೀವು ಬಚಾವ್" ಎಂದೆ. ಹೇಳಿ ನಾನೇ ಜೋರಾಗಿ ನಕ್ಕೆ. ನನ್ನ ಜಾಣತನದ ಬಗ್ಗೆ ನನಗೆ ಆಗ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಏಳು ವರ್ಷದ ಹಿಂದೆ ನಾನೂ ರಂಜಿನಿಯೂ ಸೇರಿ 'ಜರಡಿ' ಎಂಬ ತಂತ್ರಾಂಶ ಶುರು ಮಾಡಿದ್ದೆವು. ರಂಜಿನಿ ಶಂಕರಘಟ್ಟದ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಕೆಲಸ ಮಾಡುವವಳು. ಕೋಡ್ ಬರೆಯುವುದರಲ್ಲಿ ಗಟ್ಟಿಗಿತ್ತಿ, ಮಾತು ಕಡಿಮೆ. ಜರಡಿ ಕನ್ನಡದ ಕಾಗುಣಿತ ನೋಡುತ್ತದೆ. ಟೈಪ್ ಮಾಡಿದ ಪದ ತಪ್ಪಿದ್ದರೆ ಕೆಳಗೆ ಕೆಂಪು ಗೆರೆ ಎಳೆದು, ಸರಿಯಾದದ್ದು ಇದಿರಬಹುದು ಎಂದು ತೋರಿಸುತ್ತದೆ. ಅದು ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನ ಕೋಡನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ನಮ್ಮ ಬಳಗದಲ್ಲಿದ್ದದ್ದು ಹದಿನಾಲ್ಕು ಜನ. ಕೋಡ್ ಗೊತ್ತಿದ್ದವರು ಮೂವರೋ ನಾಲ್ವರೋ. ಉಳಿದವರೆಲ್ಲ ಪದ ಕೊಡುವವರು, ಪದ ಪರೀಕ್ಷಿಸುವವರು. ನಾನು ಸಂಚಾಲಕಿ. ಎರಡೂ ಕೆಲಸ ಅರೆಬರೆ ಬರುವವರಿಗೆ ಸಿಗುವ ಹುದ್ದೆ ಅದು.

ಪದ ಕೊಡುವವರಲ್ಲಿ ಇಬ್ಬರು ದೊಡ್ಡವರು. ಒಬ್ಬರು ರಂಗಪ್ಪನವರು, ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು. ಇನ್ನೊಬ್ಬರು ಯುವರಾಜ್. ಭದ್ರಾವತಿಯ ಜನ್ನಾಪುರದಲ್ಲಿ ಟೈಪಿಂಗ್ ಮಾಡಿಕೊಡುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಭೇಟಿಯಾಗಿರಲಿಲ್ಲ. ವಾರಕ್ಕೆ ನಲವತ್ತು ಐವತ್ತು ಪದ ಕಳಿಸುತ್ತಿದ್ದರು, ಜೊತೆಗೆ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ: "ಮೇಡಂ, ನಿನ್ನೆ ಪಟ್ಟೀಲಿ ಆರು ತಪ್ಪು. ಬರ್ಕೊಳಿ." ಉಳಿದವರೆಲ್ಲ ನೋಡಿ ಸರಿಯಿದೆ ಎಂದ ಪಟ್ಟಿಯಲ್ಲಿ ಅವರು ತಪ್ಪು ಹುಡುಕುತ್ತಿದ್ದರು. ಅದೂ ಎಂಥ ತಪ್ಪು! ಕನ್ನಡದಲ್ಲಿ ಅನುಸ್ವಾರವೂ ಸೊನ್ನೆ ಅಂಕಿಯೂ ಪರದೆಯ ಮೇಲೆ ಒಂದೇ ಥರದ ದುಂಡು ಬೊಟ್ಟು. 'ಸಂಘ' ಎಂದು ಟೈಪ್ ಮಾಡುವಾಗ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ್ದರೆ ರಂಗಪ್ಪನವರ ಭೂತಗನ್ನಡಿಗೂ ಸಿಕ್ಕುವುದಿಲ್ಲ. ಯುವರಾಜ್ ಮಾತ್ರ ಹಿಡಿಯುತ್ತಿದ್ದರು. "ನಿಮ್ಮದು ಹದ್ದಿನ ಕಣ್ಣು ಸಾರ್!" ಎಂದು ಗುಂಪಿನಲ್ಲಿ ಎಲ್ಲರೆದುರು ಹೊಗಳಿ ಬರೆದಿದ್ದೆ. ಉತ್ತರವಾಗಿ ಒಂದು ಧ್ವನಿ ಸಂದೇಶ ಬಂತು. ಅದರಲ್ಲಿ ಬರೀ ನಗು. ವಿನಯವಂತ ಮನುಷ್ಯ ಎಂದುಕೊಂಡೆ.

ನಮ್ಮ ವಾಟ್ಸಾಪ್ ಗುಂಪು ಒಂದು ಸಂತೆಯಾಗಿತ್ತು ಎಂಬುದು ನಿಜ. 'ಅಡಿಕೆ' ಸರಿಯೋ 'ಅಡಕೆ' ಸರಿಯೋ ಎಂದು ಎರಡು ದಿನ ಚರ್ಚೆ ನಡೆದು ಇನ್ನೇನು ತೀರ್ಮಾನವಾಗಬೇಕು, ಅಷ್ಟರಲ್ಲಿ ಯಾರದೋ ಮಗಳ ಹುಟ್ಟುಹಬ್ಬದ ಕೇಕು ಬರುತ್ತಿತ್ತು. ಅದರ ಹಿಂದೆ ಹನ್ನೆರಡು ಶುಭಾಶಯ. ಮೂರು ತಿಂಗಳು ಬಿಟ್ಟು ರಂಜಿನಿ, "ಅಕ್ಕಾ, ಅಡಿಕೆ ಏನಾಯ್ತು?" ಎಂದು ಕೇಳಿದರೆ ಉತ್ತರ ಯಾರಿಗೂ ಸಿಗುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಚರ್ಚೆ. ಜೊತೆಗೆ ನನ್ನ ತಲೆಯಲ್ಲೊಂದು ತತ್ವವೂ ಹೊಕ್ಕಿತ್ತು. ನಾವು ಕಟ್ಟುತ್ತಿರುವುದು ಎಲ್ಲರದೂ ಆದ ತಂತ್ರಾಂಶ, ಮಾತಾಡುವುದು ಮಾತ್ರ ಯಾವುದೋ ಕಂಪನಿಯ ಜಗಲಿಯ ಮೇಲೆ. ಇದು ಸರಿಯೇ? ಈ ಪ್ರಶ್ನೆಯನ್ನು ನಾನು ಗುಂಪಿನಲ್ಲಿ ಕೇಳಿದೆ. ರಂಗಪ್ಪನವರು ಕೈಮುಗಿಯುವ ಚಿತ್ರ ಹಾಕಿದರು. ಒಪ್ಪಿಗೆ ಸಿಕ್ಕಿತೆಂದು ತಿಳಿದೆ.

ಆಮೇಲಿನ ಎರಡು ತಿಂಗಳು ನನ್ನ ಜೀವನದ ಅತಿ ಸಂತೋಷದ ಕಾಲ ಎಂದರೆ ಮನೆಯವರಿಗೆ ಬೇಜಾರಾದೀತು. ಗುಂಪು ಮಾತುಕತೆಯ ಎಂಟು ವ್ಯವಸ್ಥೆಗಳನ್ನು ಎಡಗಡೆ ಬರೆದೆ. ಮೇಲುಗಡೆ ಇಪ್ಪತ್ತಮೂರು ಗುಣ. ಕೋಡ್ ಮುಕ್ತವೋ, ಹಳೆಯ ಮಾತು ಹುಡುಕಬಹುದೋ, ಒಂದೊಂದು ವಿಷಯಕ್ಕೆ ಒಂದೊಂದು ಎಳೆ ಮಾಡಬಹುದೋ, ಫೋನ್ ನಂಬರ್ ಗುಟ್ಟಾಗಿರುತ್ತದೋ, ನಮ್ಮದೇ ಯಂತ್ರದಲ್ಲಿ ನಡೆಸಬಹುದೋ. ಇಪ್ಪತ್ತೊಂದನೆಯ ಗುಣ, 'ಮುಂದೆ ಸದಸ್ಯರು ಹತ್ತು ಸಾವಿರ ಆದರೆ ತಡೆದೀತೇ?' ನಾವಿದ್ದದ್ದು ಹದಿನಾಲ್ಕು ಜನ. ಆ ಗುಣಕ್ಕೆ ಎರಡು ಪಟ್ಟು ಅಂಕ ಇಟ್ಟಿದ್ದೆ.

ಗೆದ್ದದ್ದು ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿ ನಡೆಸಬಹುದಾದ ಒಂದು ಮುಕ್ತ ತಂತ್ರಾಂಶ. ಅದರ ಹೆಸರು ಇಲ್ಲಿ ಬೇಡ. ಮುಂದೆ ಆದದ್ದಕ್ಕೆಲ್ಲ ಅದು ಪಾಪ ಜವಾಬ್ದಾರಿಯಲ್ಲ, ನಾನೇ. ವಿನೋಬನಗರದ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇಟ್ಟು ಅದಕ್ಕೆ ಹಾಕಿದೆ. ಹಾಕಿದ್ದು ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗುಂಡಿಗಳ ಮೇಲೆ 'ಕಳಿಸು', 'ಹುಡುಕು' ಎಂದು ಬರೆದಿದ್ದದ್ದು ನನ್ನ ಕಣ್ಣಿಗೆ ಸರ್ಕಾರಿ ಕಚೇರಿಯ ಬೋರ್ಡಿನಂತೆ ಕಂಡಿತು. ಎರಡು ಭಾನುವಾರ ಕೂತು ಅಕ್ಷರವನ್ನೆಲ್ಲ ಕಿತ್ತು, ನಾನೇ ಬಿಡಿಸಿದ ಪುಟ್ಟ ಚಿತ್ರಗಳನ್ನು ಕೂರಿಸಿದೆ. ಕಳಿಸುವುದಕ್ಕೆ ಹಕ್ಕಿ, ಹುಡುಕುವುದಕ್ಕೆ ಜರಡಿ, ಹೊರಗೆ ಹೋಗುವುದಕ್ಕೆ ಹೊಸ್ತಿಲು. ಯೋಗೇಶ್ ನೋಡಿ, "ಇದೇನು, ಇಡ್ಲಿ ತಟ್ಟೆನಾ?" ಎಂದರು. "ಜರಡಿ ರೀ!" ಎಂದು ಸಿಡುಕಿದೆ.

ನವೆಂಬರ್ ಒಂದಕ್ಕೆ, ರಾಜ್ಯೋತ್ಸವದ ದಿನ, ಸ್ಥಳಾಂತರ. ವಾಟ್ಸಾಪ್ ಗುಂಪಿನಲ್ಲಿ ಇನ್ನು ನಾನೊಬ್ಬಳೇ ಬರೆಯಬಹುದು ಎಂಬಂತೆ ಬೀಗ ಹಾಕಿ, 'ಇಂದಿನಿಂದ ನಾವು ಸ್ವತಂತ್ರರು' ಎಂದು ಬರೆದೆ.

ಸ್ವಾತಂತ್ರ್ಯ ಬಂದ ಮೊದಲ ವಾರವೇ ರಂಗಪ್ಪನವರು ಪಾಸ್‌ವರ್ಡ್ ಐದು ಸಲ ಮರೆತರು. "ನೋಡಮ್ಮ ಸಂಧ್ಯಾ, ದೊಡ್ಡಕ್ಷರ ಹಾಕು ಅನ್ನುತ್ತೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರ್ಲಿ?" ಎಂದರು. ಎರಡನೆಯ ವಾರ ಯೋಗೇಶ್ ಹೊರಗೆ ಹೊರಟಾಗ ಮನೆಯ ಸ್ವಿಚ್ಚುಗಳ ಜೊತೆ ಆ ಹಳೆಯ ಕಂಪ್ಯೂಟರಿನದನ್ನೂ ಆರಿಸಿ ಹೋದರು. "ಖಾಲಿ ಓಡ್ತಿತ್ತಲ್ಲ, ಯಾರೂ ಕೂತಿರ್ಲಿಲ್ಲ" ಎಂಬುದು ಅವರ ಸಮರ್ಥನೆ. ಇಡೀ ದಿನ ನಮ್ಮ ಬಳಗವೇ ಇರಲಿಲ್ಲ, ಯಾರೂ ಅದನ್ನು ಗಮನಿಸಿರಲೂ ಇಲ್ಲ. ಅದನ್ನು ಒಂದು ಸೂಚನೆ ಎಂದು ಬುದ್ಧಿ ಇದ್ದವರು ತಿಳಿಯುತ್ತಿದ್ದರು. ನಾನು ಸ್ವಿಚ್ಚಿನ ಮೇಲೆ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದೆ.

ಆ ದಿನಗಳಲ್ಲೇ ಯುವರಾಜ್ ಅವರಿಂದ ನನ್ನ ಸ್ವಂತ ನಂಬರಿಗೆ ಒಂದು ಧ್ವನಿ ಸಂದೇಶ ಬಂದಿತ್ತು. "ಮೇಡಂ, ಹೊಸದ್ರಲ್ಲಿ ಬಟನ್ ಗೊತ್ತಾಗ್ತಿಲ್ಲ. ಯಾವುದು ಯಾವುದು ಅಂತ ಸ್ವಲ್ಪ ಹೇಳ್ತೀರಾ?" ನಾನು ತರಗತಿಯ ನಡುವೆ ಇದ್ದೆ. ನಾನೇ ತಯಾರಿಸಿದ ಆರು ಪುಟದ ಕೈಪಿಡಿ ಕಳಿಸಿದೆ. ಅದರ ತುಂಬ ಚಿತ್ರಗಳೇ. ಕೆಂಪು ಬಾಣ ಬೇರೆ. 'ಇದರಲ್ಲಿ ಎಲ್ಲ ಇದೆ ಸಾರ್, ಒಮ್ಮೆ ಕಣ್ಣಾಡಿಸಿ' ಎಂದು ಬರೆದೆ. ಅವರಿಂದ ಮತ್ತೆ ಮಾತು ಬರಲಿಲ್ಲ. ಹೊಸ ಗುಂಪಿಗೂ ಬರಲಿಲ್ಲ.

ಜನವರಿಯಲ್ಲಿ ಲೆಕ್ಕ ಹಾಕಿದೆ. ಹೊಸ ಜಾಗದಲ್ಲಿ ಒಟ್ಟು ಇನ್ನೂರ ನಲವತ್ಮೂರು ಸಂದೇಶ; ಇನ್ನೂರ ಹನ್ನೆರಡು ನನ್ನವೇ. ಕೆಲವೆಡೆ ನಾನೇ ಪ್ರಶ್ನೆ ಕೇಳಿ, ಎರಡು ದಿನ ಕಾದು, ನಾನೇ ಉತ್ತರಿಸಿ, ನನಗೇ ಧನ್ಯವಾದ ಹೇಳಿದ್ದೆ. ಇದಕ್ಕೆ ಕಾರಣ ಜನರಲ್ಲಿ ಬದ್ಧತೆ ಇಲ್ಲದಿರುವುದು ಎಂದು ತೀರ್ಮಾನಿಸಿದೆ. 'ಬದ್ಧತೆ' ಎಂದೇ ತಲೆಬರಹ ಕೊಟ್ಟು ಉದ್ದದ ಬರಹ ಹಾಕಿದೆ. ಎರಡು ತಿಂಗಳಿಂದ ಒಂದು ಪದವನ್ನೂ ಕೊಡದವರ ಹೆಸರನ್ನು ಜರಡಿಯ 'ಕಟ್ಟಿದವರು' ಪುಟದಿಂದ ತೆಗೆಯಲಾಗುವುದು ಎಂದೆ. ತೆಗೆದೆ ಕೂಡ. ಒಟ್ಟು ಐದು ಹೆಸರು. ಮೂರನೆಯದು ಯುವರಾಜ್. ರಂಜಿನಿ ಫೋನ್ ಮಾಡಿ, "ಅಕ್ಕಾ, ಅವ್ರ ಪದಾನೇ ಏಳು ಸಾವಿರ ಇದೆ ಅದ್ರಲ್ಲಿ" ಎಂದಳು. "ನಿಯಮ ಎಲ್ರಿಗೂ ಒಂದೇ ಅಲ್ವಾ?" ಎಂದೆ. ಅವಳು ಸುಮ್ಮನಾದಳು. ಮಾತು ಕಡಿಮೆಯವರು ಸುಮ್ಮನಾದರೆ ಒಪ್ಪಿಗೆಯೋ ಬೇಸರವೋ ಗೊತ್ತಾಗುವುದಿಲ್ಲ. ನಾನು ಒಪ್ಪಿಗೆ ಎಂದೇ ತಿಳಿಯುವವಳು.

ಫೆಬ್ರವರಿಯಲ್ಲಿ ಜರಡಿಯ ಹೊಸ ಆವೃತ್ತಿ ಬಿಡುಗಡೆ ಮಾಡಿದೆವು. ಅದರಲ್ಲಿ ನಾನೇ ಅಲ್ಲಿ ಇಲ್ಲಿ ಒಟ್ಟುಗೂಡಿಸಿ ಸೇರಿಸಿದ ಮೂರು ಸಾವಿರ ಪದಗಳಿದ್ದವು. ಹಳೆಯ ಪಟ್ಟಿಯ ಜೊತೆ ಬೆರೆಸುವಾಗ ಒಂದೇ ಥರ ಕಂಡ ಕಡೆಯೆಲ್ಲ 'ನನ್ನದನ್ನೇ ಇಟ್ಟುಕೋ' ಎಂದು ಒತ್ತಿದ್ದೆ. ಮಾರನೆಯ ದಿನವೇ ದೂರು ಶುರುವಾಯಿತು. ಮೊದಲು ಬರೆದದ್ದು ಒಬ್ಬ ಶಾಲಾ ಶಿಕ್ಷಕರು: 'ಸಂಜೆ ಎಂದು ಬರೆದರೆ ಕೆಂಪು ಗೆರೆ ಬರುತ್ತದೆ. ಸ೦ಜೆ ಸರಿ ಎಂದು ತೋರಿಸುತ್ತದೆ. ಎರಡಕ್ಕೂ ಏನು ವ್ಯತ್ಯಾಸ ದಯವಿಟ್ಟು ತಿಳಿಸಿ.'

ನಾನು ಎರಡನ್ನೂ ನೋಡಿದೆ. ದೊಡ್ಡದು ಮಾಡಿ ನೋಡಿದೆ. ರಂಗಪ್ಪನವರ ಮನೆಗೆ ಹೋಗಿ, ಭೂತಗನ್ನಡಿಯಲ್ಲಿ ನೋಡಿಸಿದೆ. "ಎರಡೂ ಒಂದೇನಮ್ಮ. ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ" ಎಂದರು. ದೂರಿಗೆ ಕ್ಷಮೆ ಕೇಳಿ ಉತ್ತರ ಬರೆದು ಕೊನೆಗೆ ಸಹಿ ಹಾಕಿದರೆ ನನ್ನ ಹೆಸರಿನ ಕೆಳಗೂ ಕೆಂಪು ಗೆರೆ. ನಾನು ಸಂಧ್ಯಾ ಅಲ್ಲವಂತೆ, ಸ೦ಧ್ಯಾ ಅಂತೆ. ನಾನು ಕಟ್ಟಿದ ಜರಡಿ ನನ್ನನ್ನೇ ಗಾಳಿಸಿ ಆಚೆ ಹಾಕಿತ್ತು. ಆಗ ಹೊಳೆಯಿತು: ಸೊನ್ನೆ! ಆದರೆ ಮೂರು ಸಾವಿರದಲ್ಲಿ ಎಲ್ಲೆಲ್ಲಿ ಸೊನ್ನೆ, ಜೊತೆಗೆ ಇನ್ನೆಂಥ ಕಾಣದ ತಪ್ಪು ಸೇರಿವೆಯೋ ಯಾರು ಬಲ್ಲರು? ಬಲ್ಲವರು ಒಬ್ಬರೇ.

ಫೋನ್ ಮಾಡಿದೆ. "ಬನ್ನಿ ಮೇಡಂ, ಭಾನುವಾರ ಮನೇಲೇ ಇರ್ತೀನಿ. ಜನ್ನಾಪುರದಲ್ಲಿ ಇಳಿದು ಟೈಪಿಂಗ್ ಯುವರಾಜ್ ಅಂತ ಕೇಳಿ" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಭದ್ರಾವತಿ ಬಸ್ಸಿನಲ್ಲಿ ಕೂತು, ಅವರನ್ನು ಹೇಗೆ ಕ್ಷಮಿಸುವುದು ಎಂದು ಯೋಚಿಸುತ್ತ ಹೋದೆ. ಹೌದು, ನಾನು ಅವರನ್ನು. 'ಆದದ್ದು ಆಯ್ತು ಸಾರ್, ಮತ್ತೆ ಬನ್ನಿ, ಬಾಗಿಲು ತೆರೆದೇ ಇದೆ' ಎಂಬ ವಾಕ್ಯವನ್ನು ತಯಾರು ಮಾಡಿಟ್ಟುಕೊಂಡಿದ್ದೆ.

ಮನೆಯ ಮುಂದಿನ ಕೋಣೆಯೇ ಅವರ ಟೈಪಿಂಗ್ ಅಂಗಡಿ. ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ, ಕಿವಿಗೆ ಹೆಡ್‌ಫೋನು, ಕೀಲಿಮಣೆಯ ಮೇಲೆ ಬೆರಳುಗಳು ಸರಸರ ಓಡುತ್ತಿದ್ದವು. ಎದುರಿನ ಪರದೆ ಕಪ್ಪಗಿತ್ತು.

"ಕರೆಂಟ್ ಇಲ್ವಾ ಸಾರ್?" ಎಂದೆ.

"ಇದೆಯಲ್ಲ. ಫ್ಯಾನ್ ತಿರುಗ್ತಾ ಇದೆ."

"ಮತ್ತೆ ಮಾನಿಟರ್ ಆಫ್ ಆಗಿದೆ."

"ಆಫೇ ಇರುತ್ತೆ ಮೇಡಂ. ನಂಗೆ ಯಾಕದು?" ಎಂದು ಅವರು ನನ್ನ ಕಡೆ ತಿರುಗಿದರು. ನನ್ನ ಕಡೆ ಅಲ್ಲ, ನನ್ನ ದನಿ ಬಂದ ಕಡೆ. ಆಗಲೂ ನನಗೆ ಅರ್ಥವಾಗಲು ನಾಲ್ಕೈದು ಕ್ಷಣ ಹಿಡಿಯಿತು. ಹದ್ದಿನ ಕಣ್ಣು ಎಂದು ಬರೆದವಳು ನಾನು. ಒಮ್ಮೆ ಕಣ್ಣಾಡಿಸಿ ಎಂದವಳೂ ನಾನೇ. ತಯಾರು ಮಾಡಿಟ್ಟುಕೊಂಡಿದ್ದ ವಾಕ್ಯ ಬಾಯೊಳಗೇ ಒಣಗಿತು.

ಯುವರಾಜ್ ಹುಟ್ಟಿದಾಗಿನಿಂದ ಕಣ್ಣು ಕಾಣದವರು. ಮೊದಲು ಎಸ್‌ಟಿಡಿ ಬೂತ್ ನಡೆಸುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದು ಬೂತಿಗೆ ಬೀಗ ಬಿದ್ದ ಮೇಲೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ಜೊತೆ ಕೂತು ಟೈಪಿಂಗ್ ಕಲಿತರು. ಅರ್ಜಿ, ಕರಾರುಪತ್ರ, ಮದುವೆ ಪತ್ರಿಕೆ, ಜನ ಹೇಳಿದ್ದನ್ನು ಕೇಳುತ್ತ ಟೈಪ್ ಮಾಡಿ ಕೊಡುತ್ತಾರೆ. ಯಂತ್ರ ಅವರಿಗೆ ಪ್ರತಿ ಪದವನ್ನೂ ಓದಿ ಹೇಳುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿ ಕೂತಿದ್ದರೆ ನಮಗೆ ಕಾಣುವುದಿಲ್ಲ, ಅವರಿಗೆ 'ಸ ಸೊನ್ನೆ ಜೆ' ಎಂದು ನೇರವಾಗಿ ಕೇಳುತ್ತದೆ.

ಒಳಗಿನಿಂದ ಅವರ ತಾಯಿ ವೀರಮ್ಮ ಕಾಫಿ ತಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗನನ್ನು ಕೇಳಿದರು: "ಬಟನ್ ಮೇಡಂ ಅಂದ್ರೆ ಇವ್ರೇನಾ?"

"ಅಮ್ಮಾ, ಸುಮ್ನಿರು."

"ನೀನೇ ಹೇಳ್ತಿದ್ದೆಯಲ್ಲೋ! ಎರಡು ತಿಂಗ್ಳು ಈ ಕೋಣೇಲಿ ಅದೇ ಮಂತ್ರ ಕೇಳಿ ಕೇಳಿ ನಂಗೂ ಬಾಯಿಗೆ ಬಂದಿತ್ತು."

ಯುವರಾಜ್ ಹೆಡ್‌ಫೋನಿನ ವೈರು ಕಿತ್ತು, ನನ್ನ ಹೊಸ ಗುಂಪಿನ ಪುಟ ತೆರೆದರು. ಒಂದೊಂದೇ ಕೀಲಿ ಒತ್ತುತ್ತ ಹೋದರು. ಸ್ಪೀಕರಿನಿಂದ ಯಂತ್ರದ ದನಿ ಬಂತು: ಬಟನ್. ಬಟನ್. ಬಟನ್. ಬಟನ್. ಅಕ್ಷರ ಕಿತ್ತ ಗುಂಡಿಗಳಲ್ಲಿ ಯಂತ್ರಕ್ಕೆ ಓದಲು ಏನೂ ಉಳಿದಿರಲಿಲ್ಲ. ನನ್ನ ಹಕ್ಕಿ, ನನ್ನ ಜರಡಿ, ನನ್ನ ಹೊಸ್ತಿಲು, ಎರಡು ಭಾನುವಾರದ ನನ್ನ ಕಲೆಯೆಲ್ಲ ಆ ಕೋಣೆಯಲ್ಲಿ ಬರೀ ಬಟನ್ ಆಗಿತ್ತು.

"ಎಣಿಸಿ ಇಟ್ಕೊಂಡಿದ್ದೆ ಮೇಡಂ" ಎಂದರು ಯುವರಾಜ್. "ಏಳನೇದು ಒತ್ತಿದ್ರೆ ಬರೆಯೋ ಜಾಗ, ಒಂಬತ್ತನೇದು ಕಳ್ಸೋದು ಅಂತ. ನೀವು ಮಧ್ಯ ಇನ್ನೊಂದು ಬಟನ್ ಸೇರ್ಸಿದ್ರಿ. ಲೆಕ್ಕ ತಪ್ಪೋಯ್ತು. ಒಂಬತ್ತು ಒತ್ತಿದೆ, ಗುಂಪಿಂದ ಆಚೆ ಬಂದೆ. ಮತ್ತೆ ಒಳಗೆ ಬಿಡಿ ಅಂತ ಆರು ಸಲ ಕೇಳ್ದೆ, ಯಾರೂ ಬಾಗ್ಲು ತೆಗೀಲಿಲ್ಲ."

ನನ್ನ ಫೋನಿನಲ್ಲಿ ಸಂಚಾಲಕರ ಪುಟ ತೆರೆದೆ. ನವೆಂಬರಿನಿಂದ ಅದನ್ನು ನಾನು ನೋಡಿರಲೇ ಇಲ್ಲ. 'ಕಾಯುತ್ತಿರುವ ಕೋರಿಕೆಗಳು: 6.' ಆರೂ ಅವರದೇ.

"ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ಸಾರ್, ಹಿಂಗೆ ಅಂತ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಹೇಳಿದ್ರೆ ಏನಾಗುತ್ತೆ ಗೊತ್ತಾ? 'ಅಯ್ಯೋ ಪಾಪ, ಆದ್ರೂ ಎಷ್ಟ್ ಚೆನ್ನಾಗಿ ಮಾಡ್ತಾರೆ' ಅಂತಾರೆ. ಆಮೇಲೆ ನನ್ನ ಪದ ಯಾರೂ ಸರಿಯಾಗಿ ನೋಡಲ್ಲ, ಪಾಪ ಅಂತ ಹಾಗೇ ಸೇರ್ಸಿಬಿಡ್ತಾರೆ. ನಿಮ್ಮ ಗುಂಪಲ್ಲಿ ರಂಗಪ್ಪೋರು ನನ್ನ ಜೊತೆ ಜಗಳ ಆಡ್ತಿದ್ರು. ನಂಗೆ ಅದೇ ಬೇಕಾಗಿದ್ದು." ಹೆಡ್‌ಫೋನಿನ ವೈರು ಸುತ್ತುತ್ತ ಮುಂದುವರಿಸಿದರು. "ಹದ್ದಿನ ಕಣ್ಣು ಅಂದ್ರಲ್ಲ, ಅದನ್ನ ಅಮ್ಮಂಗೆ ಹೇಳ್ದೆ. ಇಬ್ರೂ ಎರಡು ದಿನ ನಕ್ವಿ. ಬಟನ್ ಬಟನ್ ಅಂದಾಗ್ಲೂ ನಕ್ವಿ. ಹೆಸ್ರು ತೆಗೆದ್ರಿ ನೋಡಿ, ಅದಕ್ಕೆ ಮಾತ್ರ ನಗೋಕೆ ಆಗ್ಲಿಲ್ಲ."

ಆ ಕೋಣೆಯಲ್ಲಿ ನಾನು ಹೇಳಬಹುದಾಗಿದ್ದ ಮಾತು ಒಂದೇ. "ತಪ್ಪಾಯ್ತು" ಎಂದೆ. ಅವರು ತಲೆಯಾಡಿಸಿದರು. ಪರವಾಗಿಲ್ಲ ಎನ್ನಲಿಲ್ಲ. ಹಾಗೆನ್ನದೆ ಇದ್ದದ್ದು ಸರಿಯಾಗಿತ್ತು. ಅಲ್ಲೇ ಕೂತು ಫೋನಿನಿಂದಲೇ ಐದೂ ಹೆಸರನ್ನು ವಾಪಸ್ ಹಾಕಿದೆ. ಯುವರಾಜ್ ಪುಟವನ್ನು ಯಂತ್ರದಿಂದ ಓದಿಸಿ ಕೇಳಿಸಿಕೊಂಡು, "ಹೂಂ" ಎಂದರು. ನಾನು ಪಶ್ಚಾತ್ತಾಪದ ಭರದಲ್ಲಿ ಅವರ ಹೆಸರಿನ ಮುಂದೆ 'ವಿಶೇಷ ಕೃತಜ್ಞತೆ' ಎಂದು ಸೇರಿಸಿದ್ದೆ. "ಅದನ್ನ ತೆಗೀರಿ" ಎಂದರು. ತೆಗೆದೆ.

ಇಷ್ಟಾದರೂ ನನಗೆ ಬುದ್ಧಿ ಬಂತೆಂದು ಯಾರೂ ತಿಳಿಯಬಾರದು. "ಮೊದ್ಲಿನ ಟೇಬಲ್‌ಗೆ ಇಪ್ಪತ್ನಾಲ್ಕನೇ ಗುಣ ಸೇರಿಸ್ತೀನಿ ಸಾರ್, ಮತ್ತೆ ಎಲ್ಲಾ ಎಂಟಕ್ಕೂ ಅಂಕ ಹಾಕಿ..." ಎಂದು ಶುರು ಮಾಡಿದೆ.

"ಟೇಬಲ್ ಬಿಡಿ ಮಾರಾಯ್ತಿ!" ಮೇಡಂ ಹೋಗಿ ಮಾರಾಯ್ತಿ ಆಗಿದ್ದೆ. "ಇರೋದು ಹದಿನಾಲ್ಕು ಜನ. ಒಬ್ಬೊಬ್ರಿಗೂ ಫೋನ್ ಮಾಡಿ, ನಿಮ್ಗೆ ಯಾವುದ್ರಲ್ಲಿ ಮಾತಾಡೋಕೆ ಆಗುತ್ತೆ ಅಂತ ಕೇಳಿ. ಅಷ್ಟೇ."

ಅಷ್ಟೇ ಮಾಡಿದೆ. ಆರು ತಿಂಗಳಲ್ಲಿ ನನಗೆ ಹೊಳೆಯದ ಕೆಲಸ ಒಂದೇ ಸಂಜೆಗೆ ಮುಗಿಯಿತು. ಹೊಳಲೂರಿನ ಶಿಕ್ಷಕಿ ಸುಷ್ಮಾಗೆ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ನನ್ನ ಹಕ್ಕಿ ಅವಳ ಫೋನಿನಲ್ಲಿ ಅರ್ಧ ಪರದೆಯಾಚೆ ಹಾರಿಹೋಗಿತ್ತಂತೆ. ರಂಗಪ್ಪನವರು ಪಾಸ್‌ವರ್ಡ್ ಕೇಳದ ಯಾವುದಾದರೂ ಸರಿ ಎಂದರು. ರಂಜಿನಿಗೆ ಮಾತ್ರ ಒಂದು ಬೇಡಿಕೆಯಿತ್ತು: ತೀರ್ಮಾನ ಒಂದು ಕಡೆ ಬರಹದಲ್ಲಿ ಸಿಗಬೇಕು. "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನೀನು ಟೇಬಲ್ ಕಳಿಸ್ದೆ ಅಕ್ಕ, ಪ್ರಶ್ನೆ ಕಳಿಸ್ಲಿಲ್ಲ" ಎಂದಳು.

ಮುಂದಿನ ಭಾನುವಾರ ನಾನು, ರಂಜಿನಿ, ರಂಗಪ್ಪನವರು ಯುವರಾಜ್ ಅವರ ಕೋಣೆಯಲ್ಲಿ ಸೇರಿದೆವು. ಮಾನಿಟರ್ ಆರಿಸಿ, ಮೂರು ವ್ಯವಸ್ಥೆಗಳನ್ನು ಬರೀ ಕಿವಿಯಲ್ಲಿ ಪರೀಕ್ಷಿಸುವುದು ಎಂದಾಯಿತು. ಮೊದಲು ನಾನೇ ಕೂರುತ್ತೇನೆಂದೆ, ಹದಿನೇಳು ವರ್ಷದ ಅನುಭವ ಅಲ್ಲವೇ. 'ನಮಸ್ಕಾರ' ಎಂದು ಕಳಿಸಬೇಕಿತ್ತು. 'ನಮಸಕರಕರ' ಎಂದು ಬರೆದು, ಅದನ್ನು ಅಳಿಸಹೋಗಿ ಬಳಗದ ಹದಿನಾಲ್ಕು ಜನಕ್ಕೂ ಒಟ್ಟಿಗೆ ವಿಡಿಯೋ ಕರೆ ಮಾಡಿದೆ. ಸುಷ್ಮಾ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳಂತೆ, ಗಾಬರಿಯಿಂದ "ಏನಾಯ್ತು ಮೇಡಂ?" ಎಂದು ಕೂಗಿದಳು. ಯುವರಾಜ್ ಹೊಟ್ಟೆ ಹಿಡಿದು ನಕ್ಕರು. ರಂಗಪ್ಪನವರು ಮಾತ್ರ ಎಲ್ಲ ಮುಗಿದ ಮೇಲೆ ಯುವರಾಜ್ ಕಡೆ ತಿರುಗಿ, "ಕಣ್ಣಿಲ್ಲ ಅಂತ 'ಅಡಕೆ' ವಿಷಯದಲ್ಲಿ ನಾನೇನೂ ಬಿಟ್ಟುಕೊಡಲ್ಲ ಕಣಯ್ಯಾ" ಎಂದರು. ಯುವರಾಜ್ ಮುಖ ಅಷ್ಟು ಅರಳಿದ್ದನ್ನು ನಾನು ಆಮೇಲೂ ನೋಡಿಲ್ಲ.

ಕೊನೆಗೆ ಗೆದ್ದದ್ದು ನನ್ನ ಟೇಬಲಿನಲ್ಲಿ ಇಲ್ಲದೇ ಇದ್ದ ವ್ಯವಸ್ಥೆ. ಪದಗಳ ಚರ್ಚೆಗೆ ಹಳೇ ಕಾಲದ ಇಮೇಲ್ ಪಟ್ಟಿ. ಒಬ್ಬರು ಬರೆದದ್ದು ಹದಿನಾಲ್ಕು ಜನಕ್ಕೂ ಹೋಗುತ್ತದೆ, ಒಂದು ಪದಕ್ಕೆ ಒಂದು ಎಳೆ, ಹುಡುಕಿದರೆ ಸಿಗುತ್ತದೆ, ಹಕ್ಕಿ ಇಲ್ಲ, ಹೊಸ್ತಿಲಿಲ್ಲ. ಹರಟೆಗೆ, ಕೇಕಿಗೆ, ಧ್ವನಿ ಸಂದೇಶಕ್ಕೆ ವಾಟ್ಸಾಪ್. ಅದರ ಬೀಗ ತೆಗೆದೆ. ಸ್ವತಂತ್ರರಾಗಿದ್ದ ನಾವು ಮತ್ತೆ ಕಂಪನಿಯ ಜಗಲಿಗೆ ಬಂದೆವು. ಅಲ್ಲಿ ಆದ ತೀರ್ಮಾನವನ್ನು ದಿನಾ ಇಮೇಲ್ ಪಟ್ಟಿಗೆ ನಕಲು ಮಾಡಿ ಹಾಕುವ ಗುಮಾಸ್ತೆಯ ಕೆಲಸ ನನ್ನದು. ಸಂಚಾಲಕಿಯಾಗಿ ಏಳು ವರ್ಷದಲ್ಲಿ ಮಾಡಿದ್ದಕ್ಕಿಂತ ಇದರಿಂದ ಹೆಚ್ಚು ಉಪಯೋಗವಾಗಿದೆ ಎಂದು ರಂಜಿನಿ ಹೇಳಿದ್ದಾಳೆ. ಅವಳು ಹೊಗಳುವುದು ಕಡಿಮೆ, ಹಾಗಾಗಿ ಇದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಪಟ್ಟಿಗೆ ಯುವರಾಜ್ ಕಳಿಸಿದ ಮೊದಲ ಇಮೇಲಿನಲ್ಲಿ ನನ್ನ ಮೂರು ಸಾವಿರ ಪದಗಳ ಪೈಕಿ ಒಂದು ಸಾವಿರದ ನೂರ ನಲವತ್ತಾರು ತಪ್ಪುಗಳಿದ್ದವು, ಸಾಲಿಗೊಂದರಂತೆ. ವಿವರಣೆ ಇಲ್ಲ, ಬೈಗುಳ ಇಲ್ಲ. ಅವನ್ನು ತಿದ್ದಲು ನನಗೆ ಹದಿನೆಂಟು ದಿನ ಹಿಡಿಯಿತು.

ಈಗ ವಾರಕ್ಕೆ ಎರಡು ಸಲ ಮಾನಿಟರ್ ಆರಿಸಿಕೊಂಡು ಅಭ್ಯಾಸ ಮಾಡುತ್ತೇನೆ. ಯುವರಾಜ್ ಕಿವಿ ಓಡುವ ವೇಗದಲ್ಲಿ ನನ್ನದು ತೆವಳುವುದೂ ಇಲ್ಲ. ಆದರೂ ಹೋದ ವಾರ ಒಂದು ಪಟ್ಟಿಯಲ್ಲಿ ಎಲ್ಲೋ ನಡುವೆ 'ಸೊನ್ನೆ' ಎಂದು ಕೇಳಿಸಿತು. ಹಿಂದೆ ಹೋಗಿ ಮತ್ತೆ ಕೇಳಿದೆ. ಹೌದು, ಸೊನ್ನೆಯೇ! ನನ್ನ ಕಿವಿಯೇ ಹಿಡಿದ ಮೊದಲ ತಪ್ಪು. ಆ ಖುಷಿಗೆ ಕೂಡಲೇ ಭದ್ರಾವತಿಗೆ ಫೋನ್ ಹಚ್ಚಿದೆ. ಎತ್ತಿದ್ದು ವೀರಮ್ಮ.

"ಅವ್ನು ಸ್ನಾನಕ್ಕೆ ಹೋಗಿದಾನಲ್ಲಮ್ಮ. ಏನಾದ್ರೂ ಅರ್ಜೆಂಟಾ?"

"ಅರ್ಜೆಂಟೇನಿಲ್ಲಮ್ಮ. ಪಟ್ಟೀಲಿ ತಪ್ಪು ಹಿಡಿದೆ, ನಾನೇ, ಕಿವೀಲಿ ಕೇಳಿ. ಅದನ್ನ ಹೇಳೋಣ ಅಂತ."

"ಓ, ಒಳ್ಳೇದಾಯ್ತು ಬಿಡು" ಎಂದರು ವೀರಮ್ಮ. "ಎಷ್ಟು ಸಿಕ್ತು?"

"ಒಂದು."

"ಒಂದಾ?" ಎಂದು ಕೇಳಿದರು.